ಕಂಪ್ಲಿಯ ಮೇಲ್‌ಗೆ ಅತ್ತೆಯ ಉತ್ತರ

ನಮ್ಮ ಅತ್ತೆ ಯಾರ ಜೊತೆಗೂ ಮಾತಾಡುವುದಿಲ್ಲ. ಹಾಗಂದರೆ ಮೌನವ್ರತ ಎಂದು ತಿಳಿಯಬೇಡಿ! ಬೆಳಿಗ್ಗೆ ಎದ್ದಾಗಿನಿಂದ ಮಲಗುವ ತನಕ ಅವರ ಬಾಯಿಗೆ ಬಿಡುವಿರುವುದಿಲ್ಲ. ಆದರೆ ಅದನ್ನು ಮಾತು ಎಂದರೆ ಅವರಿಗೇ ಸಿಟ್ಟು ಬರುತ್ತದೆ. ಅವರು ಕೊಡುವುದು ಉತ್ತರ. ನೀವು ಎಂದೋ ಏನೋ ಒಂದು ಕೇಳಿರುತ್ತೀರಿ, ಅದಕ್ಕೆ ಅವರು ಉತ್ತರ ಕೊಡುತ್ತಾರೆ. ಕೇಳಿದ್ದು ಯಾವ ಕಾಲದಲ್ಲಿ, ಎಲ್ಲಿ, ಯಾರ ಎದುರಿಗೆ ಎಂದು ನೆನಪಿಟ್ಟುಕೊಳ್ಳುವ ಕೆಲಸ ಮಾತ್ರ ನಿಮ್ಮದು.

ನಾನು ಕಮಲಾಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವನು. ದಿನಾ ಹೊಸಪೇಟೆಯಿಂದ ಬಸ್ಸಿನಲ್ಲಿ ಓಡಾಟ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಇನ್ನೇನು ಮೆಟ್ಟಿಲ ಮೇಲೆ ಕಾಲಿಟ್ಟಿದ್ದೆ, ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ತಿರುಗಿ ನೋಡಿದರೆ ಅತ್ತೆ, ಕೈಯಲ್ಲಿ ಕಾಯಿಪಲ್ಯದ ಚೀಲ. "ಅದು ಸೀದಿದ್ದಕ್ಕಲ್ಲ, ಹುಣಸಿಹಣ್ಣು ಹಳೇದಿತ್ತು," ಎಂದವರೇ ಹೊರಟುಹೋದರು. ಅವತ್ತು ಕ್ಲಾಸಿನಲ್ಲಿ ನಾನು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಯಾವುದು ಸೀದಿತ್ತು? ಯಾರ ಹುಣಸೆಹಣ್ಣು? ಸಂಜೆ ಹೆಂಡತಿ ನೆನಪಿಸಿದಳು. ಗೌರಿ ಹಬ್ಬದಲ್ಲಿ ಊಟಕ್ಕೆ ಕೂತಾಗ ಗೊಜ್ಜು ಯಾಕೆ ಇಷ್ಟು ಕಪ್ಪಾಗಿದೆ ಎಂದು ನಾನು ಕೇಳಿದ್ದೆನಂತೆ. ಉತ್ತರ ಬಂದದ್ದು ಸಂಕ್ರಾಂತಿ ಮುಗಿದ ಮೇಲೆ!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಹೊಸಪೇಟೆಯಲ್ಲೇ ಗಣಿತ ಕಲಿಸಿ ನಿವೃತ್ತರಾದವರು, ನಮ್ಮ ಮನೆಯ ಮಹಡಿಯ ಮೇಲೆ ಇದ್ದಾರೆ. ಮದುವೆಯಾಗಲಿಲ್ಲ. ಯಾಕೆಂದರೆ ಗಂಡು ಒಪ್ಪಿಗೆಯೇ ಎಂದು ಅಜ್ಜ ಕೇಳಿದ್ದಕ್ಕೆ ಇವರು ಯೋಚನೆ ಮಾಡಿ ಹೇಳುತ್ತೇನೆ ಎಂದಿದ್ದರಂತೆ. ಅಜ್ಜ ತೀರಿಕೊಂಡು ಯಾವ ಕಾಲವಾಯಿತು, ಅತ್ತೆ ಇನ್ನೂ ಯೋಚನೆ ಮಾಡುತ್ತಿದ್ದಾರೆ.

ನಿವೃತ್ತಿಯಾದ ಮೇಲೆ ಜನ ಭಜನೆಗೆ ಹೋಗುತ್ತಾರೆ, ಕಾಶಿಗೆ ಹೋಗುತ್ತಾರೆ. ನಮ್ಮ ಅತ್ತೆ ಮೇಲ್ ಕಳಿಸುವ ತಂತ್ರಾಂಶವನ್ನು ರಿಪೇರಿ ಮಾಡಲು ಕೂತರು. ಇದು ಎಲ್ಲೆಲ್ಲಿಯದೋ ಜನ ಸೇರಿ, ಸಂಬಳವಿಲ್ಲದೆ ಕಟ್ಟಿದ ಓಪನ್ ಸೋರ್ಸ್ ತಂತ್ರಾಂಶ. ಯಾರು ಬೇಕಾದರೂ ಬಿಚ್ಚಿ ಒಳಗೆ ನೋಡಬಹುದು, ಕೆಟ್ಟಿದ್ದನ್ನು ಸರಿಮಾಡಿ ಕಳಿಸಬಹುದು. ಕಳಿಸಿದ್ದನ್ನು ಸೇರಿಸಿಕೊಳ್ಳುವುದೋ ಬಿಡುವುದೋ ಅದನ್ನು ನೋಡಿಕೊಳ್ಳುವ ಹಿರಿಯನಿಗೆ ಬಿಟ್ಟದ್ದು. ಅತ್ತೆಯ ಪಾಲಿಗೆ ಬಂದ ವಿಭಾಗ ಯಾವುದು ಗೊತ್ತೇ? ಸಂಭಾಷಣೆ! ಒಂದು ಮೇಲ್ ಬರುತ್ತದೆ, ಅದಕ್ಕೆ ಉತ್ತರ ಹೋಗುತ್ತದೆ, ಉತ್ತರಕ್ಕೆ ಮತ್ತೊಂದು ಉತ್ತರ. ಇವನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ, ಯಾವ ಮಾತಿಗೆ ಯಾವ ಉತ್ತರ ಎಂದು ತಿಳಿಯುವ ಹಾಗೆ ತೋರಿಸಬೇಕು. ಎದುರಿಗೆ ನಿಂತವರನ್ನು ದಿಕ್ಕು ತಪ್ಪಿಸುವ ನಮ್ಮ ಅತ್ತೆಯ ಕೈಗೆ ಜಗತ್ತಿನ ಸಂಭಾಷಣೆಗಳ ದಾರ ಕೊಟ್ಟವರು ಯಾರು ಎಂಬುದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಈ ನಡುವೆ ಅವರ ತಲೆಗೆ ಒಂದೇ ಹಟ ಹೊಕ್ಕಿತು. ಕಂಪ್ಲಿಯಲ್ಲಿರುವ ಅವರ ಹಿರಿಯಣ್ಣ, ಅಂದರೆ ನಮ್ಮ ದೊಡ್ಡಪ್ಪ, ಅತ್ತೆಗೆ ಮೇಲ್ ಬರೆಯುವುದನ್ನು ನಿಲ್ಲಿಸಿಬಿಟ್ಟಿದ್ದರು. ಅವರು ಮತ್ತೆ ಬರೆಯಬೇಕು, ಅದಕ್ಕಾಗಿ ಅತ್ತೆ ತಂತ್ರಾಂಶವನ್ನೇ ತಿದ್ದಬೇಕು. ಅಣ್ಣ ಸುಮ್ಮನಾದರೆ ಹೋಗಿ ಮಾತಾಡಿಸುವವರನ್ನು ನೋಡಿದ್ದೇವೆ. ತಂತ್ರಾಂಶ ತಿದ್ದಲು ಕೂರುವವರನ್ನು ಎಲ್ಲಾದರೂ ಕಂಡಿದ್ದೀರಾ? ಆ ವಿಷಯಕ್ಕೆ ಬರುತ್ತೇನೆ. ಮೊದಲು ಅತ್ತೆಯ ರೀತಿ ರಿವಾಜು ಸ್ವಲ್ಪ ತಿಳಿದುಕೊಳ್ಳಿ, ಇಲ್ಲದಿದ್ದರೆ ನಿಮಗೂ ನನ್ನ ಗತಿಯೇ.

ಉತ್ತರವನ್ನು ಯಾವಾಗಲೂ ಪ್ರಶ್ನೆಯ ಕೆಳಗೆ ಬರೆಯಬೇಕು ಎಂಬುದು ಅತ್ತೆಯ ದೊಡ್ಡ ಸಿದ್ಧಾಂತ. ಮೇಲ್‌ನಲ್ಲಿ ಮಂದಿ ಉತ್ತರವನ್ನು ಮೇಲೆ ಬರೆದು, ಯಾರಿಗೆ ಉತ್ತರವೋ ಅವರ ಮಾತನ್ನು ಕೆಳಗೆ ಬಿಟ್ಟಿರುತ್ತಾರಲ್ಲ, ಅವರನ್ನು ಕಂಡರೆ ಅತ್ತೆಗೆ ಮೈ ಉರಿಯುತ್ತದೆ. ಊಟದ ಎಲೆಯಲ್ಲಿ ಮಜ್ಜಿಗೆ ಅನ್ನ ಮೊದಲು ಬಡಿಸಿ ಆಮೇಲೆ ಪಾಯಸ ಹಾಕುತ್ತೀರೇನು ಎಂದು ಕೇಳುತ್ತಾರೆ. ಒಮ್ಮೆ ನನ್ನ ಹೆಂಡತಿಯ ತಂದೆತಾಯಿ ಬಂದಿದ್ದರು. ಅತ್ತೆಯನ್ನೂ ಕರೆದುಕೊಂಡು ಹೋಗಿ ಅವರಿಗೆ ಹಂಪಿ ತೋರಿಸಿ, ಕಾಫಿಗೆಂದು ಒಂದು ಹೋಟೆಲಿಗೆ ಹೋದೆವು. ಪಕ್ಕದ ಮೇಜಿನಲ್ಲಿ ಒಬ್ಬ ಗಡ್ಡದ ವಿದೇಶಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಪರದೆಯ ಮೇಲೆ ಅತ್ತೆಯ ಅದೇ ತಂತ್ರಾಂಶ! ಅತ್ತೆಗೆ ತವರಿನವರನ್ನು ಕಂಡಷ್ಟು ಖುಷಿಯಾಯಿತು. ಕರೆಯದೆಯೇ ಹೋಗಿ ಅವನ ಎದುರಿಗೆ ಕೂತರು. ಅವನೂ ಒಳ್ಳೆಯವನೇ, ಎಷ್ಟೋ ವರ್ಷದಿಂದ ಇದನ್ನೇ ಬಳಸುತ್ತೇನೆ ಎಂದು ಹೇಳಿ ಇವರಿಗೂ ಒಂದು ಕಾಫಿ ತರಿಸಿದ. ಎಲ್ಲ ಚೆನ್ನಾಗಿ ನಡೆದಿತ್ತು. ಕೊನೆಗೆ ಅತ್ತೆ, ನೀನು ಉತ್ತರ ಮೇಲೆ ಬರೆಯುತ್ತೀಯೋ ಕೆಳಗೋ ಎಂದು ಕೇಳಿದರು. ಮೇಲೆ ಎಂದ ಪಾಪದವನು. ಅತ್ತೆ ತಮ್ಮ ಲೋಟ ಎತ್ತಿಕೊಂಡು ನಮ್ಮ ಮೇಜಿಗೆ ಬಂದುಬಿಟ್ಟರು.

ನಾವು ಹೊರಡುವಾಗ ಅವನು ಹಿಂದೆಯೇ ಓಡಿಬಂದು ತನ್ನಿಂದ ಏನು ತಪ್ಪಾಯಿತು ಎಂದು ನನ್ನನ್ನು ಕೇಳಿದ. ನಾನು ಏನು ಹೇಳಲಿ? ಮೇಲೆ ಬರೆಯುವುದು ನಮ್ಮಲ್ಲಿ ನಿಷಿದ್ಧ ಎಂದೆ. ಅವನು ಅದನ್ನು ದೇವಸ್ಥಾನದ ಕಟ್ಟಳೆ ಎಂದು ತಿಳಿದು ಗೋಪುರದ ಕಡೆ ತಿರುಗಿ ಕೈಮುಗಿದ.

ಒಂದು ಸಂಭಾಷಣೆಯಲ್ಲಿ ಒಂದೇ ವಿಷಯ ಎಂಬುದು ಇನ್ನೊಂದು ನಿಯಮ. ನನ್ನ ಮೈದುನನಿಗೆ ಹೆಣ್ಣು ನೋಡಲು ಸಂಡೂರಿಗೆ ಹೋಗಿದ್ದೆವು. ಹುಡುಗಿಯ ತಂದೆ ಗಣಿ ಕಂಪನಿಯ ಆಫೀಸಿನಲ್ಲಿದ್ದವರು. ಹೆಣ್ಣು ನೋಡುವ ಮನೆಯಲ್ಲಿ ಮಾತು ಹೇಗಿರುತ್ತದೆ ನಿಮಗೇ ಗೊತ್ತು. ಹುಡುಗನ ಕೆಲಸದಿಂದ ಶುರುವಾಗಿದ್ದು ಅದಿರಿನ ಲಾರಿಗಳ ಧೂಳಿಗೆ ಹೋಗಿ, ಅಲ್ಲಿಂದ ಯಾರದೋ ಮಂಡಿನೋವಿಗೆ ಹೋಗಿ, ಬಂಡ್ರಿಯಲ್ಲಿ ಯಾರೋ ಕೊಡುವ ಎಣ್ಣೆಗೆ ಬಂದು ನಿಂತಿತು. ಅತ್ತೆ ಕೈಯೆತ್ತಿದರು. "ಇದು ಬ್ಯಾರೆ ವಿಷಯ ಆತ್ರಿ. ಮಂಡಿನೋವಿಂದು ಆಮ್ಯಾಗ ಬ್ಯಾರೆ ತಗೋರಿ," ಎಂದರು. ಹುಡುಗಿಯ ತಂದೆ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟರು. ಸಂಬಂಧ ಮುರಿಯಿತು ಎಂದುಕೊಂಡು ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಎಂದು ನೋಡತೊಡಗಿದೆ. ಆಗ ಅತ್ತೆ ಪಡಸಾಲೆಯ ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿಯ ಕಡೆ ತಿರುಗಿ, ಹೌದು, ಹುಡುಗನಿಗೆ ಅಡಿಗೆ ಬರುತ್ತದೆ, ಅನ್ನ ಸಾರು ಮಾಡುತ್ತಾನೆ, ರೊಟ್ಟಿ ಮಾತ್ರ ಬರುವುದಿಲ್ಲ ಎಂದರು. ಅಜ್ಜಿ ನಾವು ಬಂದ ಹೊಸತರಲ್ಲೇ ಅದನ್ನು ಕೇಳಿದ್ದರಂತೆ, ಗದ್ದಲದಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಆ ಮನೆಯಲ್ಲಿ ತನ್ನ ಮಾತಿಗೆ ಉತ್ತರ ಸಿಕ್ಕು ಎಷ್ಟು ಕಾಲವಾಗಿತ್ತೋ ಏನೋ, ಅಜ್ಜಿ ಅಲ್ಲೇ ಸಂಬಂಧಕ್ಕೆ ಒಪ್ಪಿಗೆ ಕೊಟ್ಟುಬಿಟ್ಟರು. ಮದುವೆಯೂ ಆಯಿತು.

ಕೇಳಿದ್ದನ್ನೇ ಮತ್ತೆ ಕೇಳಬಾರದು ಎಂಬ ನಿಯಮ ಮಾತ್ರ ಬಹಳ ಕಟುವಾದದ್ದು. ಒಮ್ಮೆ ಉತ್ತರ ಕೊಟ್ಟಾಯಿತು ಎಂದರೆ ಆಯಿತು. ಮತ್ತೆ ಕೇಳಿದರೆ, "ಹೇಳೀನಿ, ಹಿಂದ ನೋಡ್ಕೋ," ಅನ್ನುತ್ತಾರೆ. ಬಾಯಲ್ಲಿ ಆಡಿದ್ದನ್ನು ಹಿಂದೆ ಹೋಗಿ ನೋಡಿಕೊಳ್ಳುವುದು ಹೇಗೆ? ಒಮ್ಮೆ ನನ್ನ ಹೆಂಡತಿ ಗ್ಯಾಸ್ ಬುಕ್ ಮಾಡಿದ್ದೀರಾ ಎಂದು ಎರಡನೇ ಸಲ ಕೇಳಿದಳು. ಅತ್ತೆ ಹಿಂದೆ ನೋಡ್ಕೋ ಎಂದರು. ಬುಕ್ ಆಗಿದೆ ಎಂದು ಇವಳು ತಿಳಿದಳು. ಹಿಂದೆ ಕೊಟ್ಟಿದ್ದ ಉತ್ತರ "ಇಲ್ಲ" ಎಂದಾಗಿತ್ತು! ಅವತ್ತು ಮೂವರೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿಕೊಂಡು ತಿಂದೆವು. ಅತ್ತೆ ಎರಡು ಮಿರ್ಚಿ ಹೆಚ್ಚಿಗೇ ತಿಂದರು.

ಇಂಥ ಅತ್ತೆಗೆ ಅಂಥ ಅಣ್ಣ. ನಮ್ಮ ದೊಡ್ಡಪ್ಪ ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸಿದವರು, ಈಗ ಮಗ ನೋಡಿಕೊಳ್ಳುತ್ತಾನೆ. ನಮ್ಮಪ್ಪ ಇವರಿಬ್ಬರ ನಡುವಿನವರು, ಈಗಿಲ್ಲ. ದೊಡ್ಡಪ್ಪನಿಗೆ ಕಿವಿ ಪೂರ್ತಿ ಹೋಗಿದೆ, ಹಾಗಾಗಿ ಫೋನು ದಂಡ. ಮೊಬೈಲಿನ ಸಣ್ಣ ಅಕ್ಷರ ಕಣ್ಣಿಗೆ ಹಿಡಿಯುವುದಿಲ್ಲ. ಉಳಿದದ್ದು ಮಿಲ್ಲಿನ ಆಫೀಸಿನಲ್ಲಿರುವ ದೊಡ್ಡ ಕಂಪ್ಯೂಟರ್, ಅದರಲ್ಲಿ ತಂಗಿಯೇ ಹಾಕಿಕೊಟ್ಟ ಮೇಲ್.

ದೊಡ್ಡಪ್ಪ ಜನ್ಮದಲ್ಲಿ ಒಂದೂ ಹೊಸ ಮೇಲ್ ಬರೆದವರಲ್ಲ. ಯಾವುದೋ ಹಳೆಯ ಮೇಲ್ ತೆಗೆದು ರಿಪ್ಲೈ ಒತ್ತಿದರೆ ವಿಳಾಸ ತಾನಾಗಿಯೇ ಬರುತ್ತದಲ್ಲ, ಹೊಸದು ಯಾಕೆ ಎಂಬುದು ಅವರ ವಾದ. ಅವರು ಹಾಗೆ ಹಿಡಿದುಕೊಂಡ ಮೇಲ್‌ನ ವಿಷಯ "ನೆಲ್ಲಿನ ಲಾರಿ". ಎಂದೋ ಒಂದು ಲಾರಿ ನೆಲ್ಲು, ಅಂದರೆ ಭತ್ತ, ಎಲ್ಲೋ ಸಿಕ್ಕಿಹಾಕಿಕೊಂಡಿದ್ದಾಗ ಬರೆದದ್ದು. ಅವರನ್ನು ನೋಡಿ ಕಂಪ್ಲಿಯ ನಮ್ಮ ಬಳಗದವರೆಲ್ಲ ಹಾಗೇ ಕಲಿತರು. ನನಗೆ ಕೆಲಸ ಸಿಕ್ಕಾಗ ಬಂದ ಆಶೀರ್ವಾದದ ವಿಷಯ ನೆಲ್ಲಿನ ಲಾರಿ. ಯಾರದೋ ನಾಮಕರಣ, ಯಾರದೋ ಅಪೆಂಡಿಕ್ಸ್ ಆಪರೇಷನ್, ಗೃಹಪ್ರವೇಶ, ಎಲ್ಲ ನೆಲ್ಲಿನ ಲಾರಿ. ನಮ್ಮ ಅಜ್ಜಿ ತೀರಿಕೊಂಡ ಸುದ್ದಿಯೂ ಅದರಲ್ಲೇ ಬಂತು. ನಮ್ಮ ವಂಶದ ಸುಖದುಃಖಗಳೆಲ್ಲ ಒಂದೇ ಲಾರಿಯಲ್ಲಿ ಹೋಗುತ್ತಿವೆ. ಇದನ್ನು ಬಿಡಿಸುವುದಕ್ಕೇ ಅತ್ತೆ ತಂತ್ರಾಂಶ ತಿದ್ದುತ್ತಿದ್ದಾರೆ ಎಂದು ನಾನು ಬಹಳ ದಿನ ನಂಬಿದ್ದೆ.

ಅಷ್ಟೇ ಆಗಿರಲಿಲ್ಲ. ಕಂಪ್ಲಿಯ ಗದ್ದೆಗಳಿಗೆ ನೀರು ಬರುವುದು ನಮ್ಮ ಹೊಸಪೇಟೆಯ ಡ್ಯಾಮಿನ ಕಾಲುವೆಯಿಂದ. ನೀರು ಬಿಟ್ಟರೆ ನಾಟಿ, ನಾಟಿಯಾದರೆ ನೆಲ್ಲು, ನೆಲ್ಲು ಬಂದರೆ ಮಿಲ್ಲು. ಹಾಗಾಗಿ ಅತ್ತೆ ಹೊಸಪೇಟೆಗೆ ನೌಕರಿಗೆ ಬಂದ ಕಾಲದಿಂದಲೂ ದೊಡ್ಡಪ್ಪ ಅವರನ್ನು ಕೇಳುವ ಮೊದಲ ಪ್ರಶ್ನೆ, "ತಂಗಿ, ಕಾಲುವಿಗೆ ನೀರು ಬಿಟ್ಟಾರೇನು?" ಈಚೆಗೆ ಅದೊಂದೇ ಪ್ರಶ್ನೆ ಉಳಿಯಿತು. ಬೆಳಿಗ್ಗೆ ಕೇಳುವರು, ಅತ್ತೆ ಉತ್ತರಿಸುವರು, "ಛಲೋ ಆತು" ಎಂದು ಅಲ್ಲಿಂದ ಬರುವುದು. ಮಧ್ಯಾಹ್ನ ಮತ್ತೆ ಅದೇ ಪ್ರಶ್ನೆ. ಸಂಜೆ ಮತ್ತೆ. ಮನೆಯವರು ಮರೆವು ಎಂಬ ಶಬ್ದವನ್ನು ಬಾಯಿಗೆ ತರುತ್ತಿರಲಿಲ್ಲ, ವಯಸ್ಸಾಯಿತು ಎನ್ನುತ್ತಿದ್ದರು.

ಅತ್ತೆ ಆಗ ಮಾಡಿದ ಕೆಲಸವೇನೆಂದರೆ, ಕಂಪ್ಲಿಗೆ ಹೋಗಿ ದೊಡ್ಡಪ್ಪನ ಕಂಪ್ಯೂಟರಿನಲ್ಲಿದ್ದ ತಂತ್ರಾಂಶವನ್ನು ತಾವೇ ಒಂದಿಷ್ಟು ತಿದ್ದಿ ಬಂದರು. ಸಂಭಾಷಣೆಯಲ್ಲಿ ಕೊನೆಯ ಪ್ರಶ್ನೆ, ಅದರ ಉತ್ತರ ಇವೆರಡೇ ಕಾಣುವುದು, ಹಿಂದಿನದೆಲ್ಲ ಮಡಚಿಕೊಂಡು ಒಳಗೆ ಹೋಗುವುದು. ರಿಪ್ಲೈ ಒತ್ತಿದರೆ ಹಳೆಯ ಮಾತುಗಳ ಬಾಲ ಹಿಂದೆ ಬರದೆ ಖಾಲಿ ಹಾಳೆಯೇ ತೆರೆಯುವುದು. ದೊಡ್ಡಪ್ಪ ದಿನಾ ಹೊಸದಾಗಿ ಕೇಳಿಕೊಂಡು ಆರಾಮಾಗಿದ್ದರು.

ಹೀಗಿರುವಾಗ ಒಂದು ದಿನ ತಂತ್ರಾಂಶದ ಹೊಸ ಆವೃತ್ತಿ ತಾನಾಗಿಯೇ ಇಳಿದು ಬಂದು ಕೂತಿತು. ಅತ್ತೆ ತಿದ್ದಿದ್ದು ಅಳಿಸಿಹೋಯಿತು. ದೊಡ್ಡಪ್ಪ ತೆರೆದು ನೋಡಿದರೆ ಮಡಚಿದ್ದೆಲ್ಲ ಬಿಚ್ಚಿಕೊಂಡಿತ್ತು. ನೀರು ಬಿಟ್ಟಾರೇನು, ಬಿಟ್ಟಾರಣ್ಣ. ನೀರು ಬಿಟ್ಟಾರೇನು, ಬಿಟ್ಟಾರಣ್ಣ. ಎಷ್ಟು ಕೆಳಗೆ ಸರಿಸಿದರೂ ಮುಗಿಯಲಿಲ್ಲವಂತೆ. ಬಹಳ ಹೊತ್ತು ಸರಿಸುತ್ತ ಕೂತಿದ್ದು ಸೊಸೆಯನ್ನು ಕರೆದು, "ಇದೆಲ್ಲಾ ನಾನಾ ಕೇಳಿದ್ದು?" ಎಂದರಂತೆ. ದೊಡ್ಡಪ್ಪ ಕಂಪ್ಯೂಟರ್ ಆರಿಸಿ, ಹೆಗಲ ಮೇಲಿನ ಟವೆಲನ್ನು ಅದರ ಮೇಲೆ ಹೊದಿಸಿ ಎದ್ದುಬಿಟ್ಟರು. ಇದನ್ನು ಆ ಸೊಸೆಯೇ, ನನಗೆ ಅತ್ತಿಗೆಯಾಗಬೇಕು, ಫೋನಿನಲ್ಲಿ ಹೇಳಿದರು.

ಇದೂ ನನಗೆ ಮೊದಲು ತಲೆಗೆ ಹೋಗಲಿಲ್ಲ. ಮತ್ತೆ ಹೋಗಿ ಮೊದಲಿನಂತೆ ತಿದ್ದಿ ಬನ್ನಿ, ಅದಕ್ಕೇನು ಎಂದೆ. ಅತ್ತೆ ಎಂದೂ ಇಲ್ಲದ್ದು ಆಗಿಂದಾಗಲೇ ಉತ್ತರ ಕೊಟ್ಟರು. "ಮುಂದಿನ ಸಲ ಮತ್ತ ಅಳಿಸಿ ಹೋಗ್ತದ. ಅಂವ ಮತ್ತ ನೋಡ್ತಾನ. ಇದು ಮೂಲದಾಗ ಸೇರಬೇಕು." ಹಾಗಾದರೆ ಅದು ಸೇರುವ ತನಕ ಕಂಪ್ಲಿಗೆ ಹೋಗಿ ಅಣ್ಣನ ಜೊತೆ ಕೂತು ಬನ್ನಿ ಎಂದೆ. ಅವರು ಆಗಲೇ ಹೋಗಿ ಬಂದಿದ್ದರು. ಅಣ್ಣ ಪಕ್ಕದಲ್ಲೇ ಕೂತಿದ್ದ, ಚೆನ್ನಾಗಿಯೇ ಇದ್ದ, ಆದರೆ ಏನೂ ಕೇಳಲಿಲ್ಲ ಎಂದರು. ಆಮೇಲೆ ಅತ್ತಿಗೆಯಿಂದ ಗೊತ್ತಾಯಿತು. ದೊಡ್ಡಪ್ಪ ಈಗ ಯಾರನ್ನೂ ಏನೂ ಕೇಳುವುದಿಲ್ಲವಂತೆ. ಇದನ್ನೂ ಆಗಲೇ ಕೇಳಿರಬಹುದು ಎಂಬ ಭಯ. ಚಹಾ ಬೇಕೆನಿಸಿದರೂ ಕೇಳುವುದಿಲ್ಲ, ತಂದಿಟ್ಟರೆ ಕುಡಿಯುತ್ತಾರೆ.

ಅತ್ತೆ ತಮ್ಮ ತಿದ್ದುಪಡಿಯನ್ನು ಕಳಿಸಿ ಕಾದರು. ಕಳಿಸಿದ್ದು ಎಲ್ಲರೂ ಓದುವಂಥ ಜಾಗಕ್ಕೆ, ಬಳಸುವವರು ಬರೆಯುವವರು ಎಲ್ಲ ಅಲ್ಲಿ ಚರ್ಚೆ ಮಾಡುತ್ತಾರೆ. ಆ ತಂತ್ರಾಂಶದ ಹಿರಿಯ ಯಾವ ದೇಶದವನೋ ಅತ್ತೆಗೂ ಗೊತ್ತಿಲ್ಲ, ನಾವು ಮಲಗಿದಾಗ ಅವನು ಏಳುತ್ತಾನೆ ಎಂಬುದಷ್ಟು ಗೊತ್ತು. ಅವನು ಸೌಮ್ಯವಾಗಿಯೇ ಬರೆದ. ಹಳೆಯ ಮಾತು ಇನ್ನಷ್ಟು ಚೆನ್ನಾಗಿ ಕಾಣಲಿ ಎಂದು ಎಲ್ಲರೂ ಕೇಳುತ್ತಾರೆ, ಕಾಣದ ಹಾಗೆ ಮಾಡಿ ಎಂದವರು ನೀವೊಬ್ಬರೇ, ಇದು ಯಾರಿಗೆ ಬೇಕು ಎಂದು. ಬರೆದದ್ದು ಮೇಲೆ, ಅತ್ತೆಯ ಮಾತು ಕೆಳಗೆ! ಅತ್ತೆ ಅದನ್ನೂ ನುಂಗಿಕೊಂಡರು ಎಂದರೆ ಅವರ ಸಂಕಟ ನೀವೇ ತಿಳಿಯಿರಿ. ಅಷ್ಟರಲ್ಲಿ ಉಳಿದವರು ಕೈಹಾಕಿದರು. ಒಬ್ಬ ಮಡಚುವ ಗುಂಡಿ ನೀಲಿ ಬಣ್ಣದ್ದಿರಲಿ ಎಂದ. ಇನ್ನೊಬ್ಬ ಬಣ್ಣಗಳ ವಿಷಯದಲ್ಲಿ ತನಗೆ ಹಿಂದೆ ಆದ ಅನ್ಯಾಯವನ್ನು ತೆಗೆದ. ಮತ್ತೊಬ್ಬನಿಗೆ ಅಕ್ಷರದ ಗಾತ್ರ ನೆನಪಾಯಿತು. ಸಂಭಾಷಣೆಯನ್ನು ಸರಿಯಾಗಿ ಪೋಣಿಸುವುದು ಹೇಗೆ ಎಂಬ ಆ ಸಂಭಾಷಣೆಯಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂಬುದೇ ತಿಳಿಯದಾಯಿತು. ಸಂಡೂರಿನ ಪಡಸಾಲೆಯೇ ಎಷ್ಟೋ ವಾಸಿ.

ಇದು ಯಾರಿಗೆ ಬೇಕು ಎಂಬ ಪ್ರಶ್ನೆಗೆ ಮಾತ್ರ ಅತ್ತೆ ಉತ್ತರ ಬರೆಯಲಿಲ್ಲ. ಎಷ್ಟೋ ದಿನ ಮಹಡಿಯಲ್ಲಿ ಸುಮ್ಮನೆ ಕೂತರು. ಬಸ್ ಸ್ಟ್ಯಾಂಡಿನಲ್ಲಿ ಯಾರೂ ನನ್ನ ಅಂಗಿ ಜಗ್ಗಲಿಲ್ಲ. ನನ್ನ ಹೆಂಡತಿ ಬೇಕೆಂದೇ ಕೇಳಿದ್ದನ್ನು ಮತ್ತೆ ಕೇಳಿ ನೋಡಿದಳು, ಬೈಗುಳವೂ ಬರಲಿಲ್ಲ. ನಮಗೆ ಹೆದರಿಕೆಯಾಯಿತು.

ಒಂದು ಭಾನುವಾರ ನನ್ನನ್ನು ಮೇಲೆ ಕರೆದರು. ನಿನ್ನ ಇಂಗ್ಲಿಷ್ ಏನಾದರೂ ಉಪಯೋಗಕ್ಕೆ ಬರುತ್ತದೋ ನೋಡೋಣ, ಕುಂದರು ಎಂದರು. ಅದರಲ್ಲೇನು ಕಷ್ಟ ಎಂದು ನಾನು, ನೆನಪಿನ ಶಕ್ತಿ ಕಡಿಮೆಯಾದ ಹಿರಿಯರಿಗೆ ಇದು ಬೇಕು, ಉದಾಹರಣೆಗೆ ನನ್ನ ಅಣ್ಣ, ಎಂದು ಚಂದವಾಗಿ ಬರೆದು ತೋರಿಸಿದೆ. ಅತ್ತೆ ತಲೆ ಅಲ್ಲಾಡಿಸಿದರು.

"ಬ್ಯಾಡ. ಅಲ್ಲಿ ಬರೆದಿದ್ದು ಯಾರೂ ಅಳಿಸಂಗಿಲ್ಲ. ಅವನ ಮರವು ಮಂದಿ ಮುಂದ ಇಡಾಕ ನಾ ಯಾರು?"

"ಮತ್ತ ಯಾರಿಗೆ ಬೇಕಂತ ಬರೀಲಿ ಅತ್ತಿ?"

ಕೆಳಗಡೆ ನನ್ನ ಹೆಂಡತಿ ಕುಕ್ಕರ್ ಇಳಿಸುವ ಸದ್ದಾಯಿತು. ಅತ್ತೆ ನಿಧಾನವಾಗಿ ಹೇಳಿದರು, "ಕೆಲವರು ಪ್ರತಿ ಸಲ ಮೊದಲನೇ ಸಲ ಕೇಳ್ತಾರ. ಅವರಿಗೆ ಉತ್ತರ ಬೇಕು, ಲೆಕ್ಕ ಬ್ಯಾಡ. ಇಷ್ಟ ಬರಿ."

ನಾನು ಅಷ್ಟನ್ನೇ ಇಂಗ್ಲಿಷಿಗೆ ತಿರುಗಿಸಿದೆ. ಮಕ್ಕಳಿಗೆ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಎರಡು ಸಾಲು ಬರೆಯಲು ಯಾವತ್ತೂ ಅಷ್ಟು ಹೊತ್ತು ಹಿಡಿದಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಕೆಳಗಿಳಿದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು, ಆತು, ಎಂದರು. ಹಾಲು ಉಕ್ಕಿತೇನೋ ಎಂದು ನನ್ನ ಹೆಂಡತಿ ಒಲೆ ಆರಿಸಿದಳು. ನಾನು ಹಿಂದಿನ ಗೌರಿ ಹಬ್ಬದ ತನಕ ನೆನಪು ಕೆದಕಿದೆ. ಕೊನೆಗೆ ಅತ್ತೆಯೇ ತೋರಿಸಿದರು. ಆ ಹಿರಿಯ ಉತ್ತರ ಬರೆದಿದ್ದ. ತಿಳಿಯಿತು, ಸೇರಿಸುತ್ತೇನೆ ಎಂದು ಅಷ್ಟೇ. ಆದರೆ ಅದನ್ನು ಆ ಎರಡು ಸಾಲುಗಳ ಕೆಳಗೆ ಬರೆದಿದ್ದ. ಅತ್ತೆ ಅದನ್ನು ನನಗೂ ತೋರಿಸಿದರು, ನನ್ನ ಹೆಂಡತಿಗೂ ತೋರಿಸಿದರು, ಹಾಲು ಹಾಕಲು ಬಂದವನಿಗೂ ತೋರಿಸಿದರು.

ಹೊಸ ಆವೃತ್ತಿ ಬಂದ ಮೇಲೆ ನಾನೂ ಅತ್ತೆಯೂ ಕಂಪ್ಲಿಗೆ ಹೋದೆವು. ಟವೆಲ್ ಇನ್ನೂ ಅಲ್ಲೇ ಇತ್ತು, ಮೇಲೆ ಅಕ್ಕಿಯ ತೌಡು ಕೂತಿತ್ತು. ಅತ್ತೆ ಅದನ್ನು ತೆಗೆದು ಕೊಡವಿ, ದೊಡ್ಡಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ಮೇಲ್ ತೆರೆದರು. ಪರದೆಯ ಮೇಲೆ ಒಂದೇ ಪ್ರಶ್ನೆ, ಒಂದೇ ಉತ್ತರ. ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. ಕೆಳಗೆ ಸರಿಸಿದರು. ಏನೂ ಬರಲಿಲ್ಲ. ಮತ್ತೆ ಸರಿಸಿದರು. ನಮ್ಮಿಬ್ಬರ ಮುಖ ನೋಡಿದರು, ಏನೋ ಕೇಳುವವರಂತೆ ತುಟಿ ಅಲ್ಲಾಡಿತು, ಕೇಳಲಿಲ್ಲ. ಅವತ್ತು ಅವರು ಏನೂ ಬರೆಯಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತು ಕಬ್ಬಿನ ಗದ್ದೆ ನೋಡುತ್ತಿದ್ದರು.

ಎಷ್ಟೋ ದಿನ ಕಳೆದವು. ಮೊನ್ನೆ ಬೆಳಿಗ್ಗೆ ನಾನು ಶೇವ್ ಮಾಡಿಕೊಳ್ಳುತ್ತಿದ್ದೆ, ಮಹಡಿಯಿಂದ ಅತ್ತೆ ನನ್ನ ಹೆಸರು ಹಿಡಿದು ಕೂಗಿದರು. ಸೋಪು ಹಚ್ಚಿದ ಮುಖದಲ್ಲೇ ಓಡಿದೆ. ಕಂಪ್ಲಿಯಿಂದ ಮೇಲ್ ಬಂದಿತ್ತು. ವಿಷಯ, ನೆಲ್ಲಿನ ಲಾರಿ. "ತಂಗಿ, ಕಾಲುವಿಗೆ ನೀರು ಬಿಟ್ಟಾರೇನು?" ಅತ್ತೆಗೆ ಕಣ್ಣಲ್ಲಿ ನೀರು ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದವರು ಸ್ವಲ್ಪ ಹೊತ್ತಿನ ಮೇಲೆ ಬಂದು ಉತ್ತರ ಬರೆದರು. ಎಲ್ಲಿಗೆ ಹೋಗಿದ್ದರು ಎಂದು ನಾನು ಕೇಳಲಿಲ್ಲ, ಕೇಳಿದರೆ ದೀಪಾವಳಿಗೆ ಉತ್ತರ ಬರುತ್ತದೆ. ನಾನು ಕಾಲೇಜಿಗೆ ಹೋದೆ.

ಸಂಜೆ ಬಂದು ನೋಡಿದರೆ ಅತ್ತೆ ಮತ್ತೆ ಚಪ್ಪಲಿ ಮೆಟ್ಟುತ್ತಿದ್ದಾರೆ. ಕಂಪ್ಲಿಯಿಂದ ಮತ್ತೆ ಬಂದಿತ್ತು, ಅದೇ ಪ್ರಶ್ನೆ. ಬೆಳಿಗ್ಗೆ ಬರೆದ ಉತ್ತರವನ್ನೇ ಇನ್ನೊಮ್ಮೆ ಕಳಿಸಿದರಾಯಿತಲ್ಲ, ಇದಕ್ಕೆ ಎಲ್ಲಿಗೆ ಹೊರಟಿರಿ ಎಂದು ಕೇಳಿಯೇಬಿಟ್ಟೆ. ಕಾಲುವೆ ನೋಡಿಕೊಂಡು ಬರುವುದಕ್ಕಂತೆ!

"ಬೆಳಿಗ್ಗೆ ನೋಡೀರಲ್ಲ ಅತ್ತಿ. ನೀರು ಹರೀತೈತಿ, ಇಷ್ಟರಾಗ ನಿಂತುಬಿಡ್ತದೇನು?"

"ಬೆಳಿಗ್ಗೆ ನೋಡಿದ್ದು ಬೆಳಿಗ್ಗೆ ಕೇಳಿದ್ದಕ್ಕ. ಅಂವ ಈಗ ಕೇಳ್ಯಾನ."

ನಾನು ಬ್ಯಾಗ್ ಇಟ್ಟು ಜೊತೆಗೆ ಹೊರಟೆ. ಕಾಲುವೆಯ ಸೇತುವೆ ನಮ್ಮ ಮನೆಯಿಂದ ಅಷ್ಟು ದೂರವೇನಿಲ್ಲ, ಆದರೆ ಅತ್ತೆಯ ಮಂಡಿಗೆ ದೂರವೇ. ಕಟ್ಟೆಯ ಮೇಲೆ ಕೈಯೂರಿ ನಿಂತು ನೋಡಿದರು. ಕೆಂಪು ನೀರು ದಡ ಮುಟ್ಟಿ ಹೋಗುತ್ತಿತ್ತು. ಮೆಟ್ಟಿಲ ಮೇಲೆ ಯಾರೋ ಹೆಂಗಸರು ಒಗೆದ ಬಟ್ಟೆ ಹಿಂಡುತ್ತಿದ್ದರು. ಅತ್ತೆ ನಿಂತಲ್ಲೇ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ, "ಬಿಟ್ಟಾರಣ್ಣ. ದಂಡಿ ತುಂಬ ಹೊಂಟೈತಿ. ಈಗ ನೋಡಿದೆ" ಎಂದು ಬರೆದರು. ನಾವು ಇನ್ನೂ ಸೇತುವೆ ಇಳಿದಿರಲಿಲ್ಲ, ಉತ್ತರ ಬಂತು. "ಭಾಳ ಛಲೋ ಸುದ್ದಿ ಹೇಳಿದಿ." ಅತ್ತೆ ಅದನ್ನು ನನಗೆ ಓದಿ ಹೇಳಿದರು. ಇಂಥ ಹೆಂಗಸನ್ನು ಇಷ್ಟು ದಿನ ತಲೆಕೆಟ್ಟವರ ಲೆಕ್ಕದಲ್ಲಿ ಎಲ್ಲರಿಗೂ ಪರಿಚಯ ಮಾಡಿಕೊಡುತ್ತಿದ್ದೆನಲ್ಲ ಎನಿಸಿತು.

ಮನೆಯ ಗೇಟಿಗೆ ಬಂದು ಚಿಲಕಕ್ಕೆ ಕೈಹಾಕಿದ್ದೆ. ಅತ್ತೆಯ ಮೊಬೈಲು ಮತ್ತೆ ಸದ್ದು ಮಾಡಿತು. ಕನ್ನಡಕ ಏರಿಸಿ ಓದಿದರು. ನನ್ನ ಮುಖ ನೋಡಿದರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕಾಲುವೆಯ ಕಡೆ ತಿರುಗಿದರು. ನಾನೂ ಚಿಲಕ ಬಿಟ್ಟು ಅವರ ಹಿಂದೆ ನಡೆದೆ.